ಇನ್ನೊಂದು ನನ್ನ ಚೀಲದಲ್ಲಿ

ಮೇ 3, ಸಂಜೆ

ಮತ್ತೆ ಅದೇ ಶುರು. ಹೋಟೆಲ್ ರೂಮಿಗೆ ಬಂದ ಇವರು ಕೈಕಾಲು ತೊಳೆಯಲಿಲ್ಲ, ಷೂ ಬಿಚ್ಚಲಿಲ್ಲ. ಕ್ಯಾಮರಾದಿಂದ ಕಾರ್ಡ್ ಕಿತ್ತರು, ಲ್ಯಾಪ್‌ಟಾಪಿಗೆ ಚುಚ್ಚಿದರು. ಮೊದಲು ಕಪ್ಪು ಹಾರ್ಡ್ ಡಿಸ್ಕಿಗೆ ಫೋಟೋಗಳ ಕಾಪಿ. ಆಮೇಲೆ ನೀಲಿ ಡಿಸ್ಕಿಗೆ ಅದೇ ಕಾಪಿ. ಅದು ಮುಗಿಯುವ ತನಕ ರೂಮಿನಲ್ಲಿ ಯಾರೂ ಜೋರಾಗಿ ಉಸಿರಾಡುವ ಹಾಗಿಲ್ಲ, ವೈರ್ ಅಲ್ಲಾಡುತ್ತದಂತೆ. ಟೀ ಮಾಡೋಣ ಎಂದು ಕೆಟಲ್ ಪ್ಲಗ್ ಹಾಕಲು ಹೋದೆ.

"ಏಯ್, ಏಯ್, ಬಿಡು ಅದನ್ನ! ಫ್ಯೂಸ್ ಹೋದ್ರೆ ಏನು ಗತಿ?"

ರಜೆಯಂತೆ ರಜೆ.

ಕಪ್ಪು ಡಿಸ್ಕ್ ಇವರ ಕ್ಯಾಮರಾ ಬ್ಯಾಗಿಗೆ. ನೀಲಿ ನನ್ನ ಹೆಗಲ ಚೀಲಕ್ಕೆ. ಎರಡೂ ಒಂದೇ ಚೀಲದಲ್ಲಿ ಎಂದೂ ಇರಕೂಡದು. ಇದು ನನ್ನ ಗಂಡನ ಕಾನೂನು. ಒಂದು ಕಳೆದರೆ ಇನ್ನೊಂದು ಉಳಿಯಬೇಕು. ಕಾನೂನು ಮಾಡುವವರು ಇವರು, ಹೊರುವವಳು ನಾನು. ಇಷ್ಟಾದ ಮೇಲೆ ಕಾರ್ಡ್ ಅಳಿಸಿ ವಾಪಸ್ ಕ್ಯಾಮರಾಕ್ಕೆ, ನಾಳೆಗೆ ಜಾಗ ಬೇಕಲ್ಲ. ಲ್ಯಾಪ್‌ಟಾಪಿನಲ್ಲೇ ಇಡಬಾರದೇ ಅಂದರೆ ಅದರ ಹೊಟ್ಟೆ ನಮ್ಮ ಮದುವೆಯಾದ ವರ್ಷವೇ ತುಂಬಿದೆ. ನೆಟ್‌ಗೆ ಹಾಕಿ ಅಂದೆ. ಈ ಹೋಟೆಲಿನ ವೈಫೈನಲ್ಲಿ ಒಂದು ಫೋಟೋ ಹೋಗುವಷ್ಟರಲ್ಲಿ ಅತ್ತೆ ಒಂದು ಕೋಟು ಹೊಲಿದು ಗುಂಡಿ ಹಾಕಿ ಮುಗಿಸುತ್ತಿದ್ದರು... ಕಣ್ಣಿದ್ದ ಕಾಲದಲ್ಲಿ.

ಮೇ 4

ಅತ್ತೆಯ ಕಣ್ಣಿಗಾಗಿಯೇ ಈ ಪ್ರವಾಸ. ಡಾಕ್ಟರ್ ಹೇಳಿಬಿಟ್ಟಿದ್ದಾರೆ: ತೋರಿಸಬೇಕಾದ್ದನ್ನೆಲ್ಲ ಈಗಲೇ ತೋರಿಸಿ, ಮುಂದಿನ ವರ್ಷದ ಮಾತು ಬೇಡ. ಅದಕ್ಕೆ ನನ್ನ ರಜೆಯನ್ನೆಲ್ಲ ಸುರಿದದ್ದು. ವರ್ಷವಿಡೀ ಲ್ಯಾಬಿನಲ್ಲಿ ನಿಂತು ಜನರ ತೋಳಿಗೆ ಸೂಜಿ ಚುಚ್ಚುತ್ತೇನೆ. ಸಿಕ್ಕ ರಜೆಯಲ್ಲಿ ಚುಚ್ಚಿಸಿಕೊಳ್ಳುತ್ತೇನೆ. ಅಮ್ಮ ಒಂದು ಕಡೆ, ಮಗ ಒಂದು ಕಡೆ.

ಇವತ್ತು ಕೆರೆ. ಕೆರೆ ಅಂದರೆ ಸಮುದ್ರದಂಥ ಕೆರೆ, ಆಚೆ ದಡದಲ್ಲಿ ಬೆಟ್ಟದ ಸಾಲು. ಜನ ಬಾಯಿ ತೆರೆದು ನಿಂತಿದ್ದಾರೆ. ಅತ್ತೆ ಕೆರೆಗೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂತರು.

"ಏನಿದೆ ಇಲ್ಲಿ? ಬರೀ ಗಾಳಿ. ಮನೇಲಿ ಫ್ಯಾನ್ ಇತ್ತಲ್ಲ."

ದೂರದ್ದೆಲ್ಲ ಅವರಿಗೆ ಹೊಗೆ. ಸಂಜೆ ರೂಮಿನಲ್ಲಿ ಲ್ಯಾಪ್‌ಟಾಪಿಗೆ ಮೂಗು ತಾಗಿಸಿ ಕೂರುತ್ತಾರೆ, ಇವರು ದೊಡ್ಡದು ಮಾಡುತ್ತಾ ಹೋಗುತ್ತಾರೆ, ಆಗ ಕಾಣುತ್ತದೆ. ಅತ್ತೆಯ ಮಟ್ಟಿಗೆ ಪ್ರವಾಸ ಶುರುವಾಗುವುದೇ ಆಗ. ಇವತ್ತು ಅಷ್ಟು ದೊಡ್ಡ ಕೆರೆ ಬಿಟ್ಟು ಅವರು ನೋಡಿದ್ದು ಮೂಲೆಯಲ್ಲಿ ನಿಂತ ಯಾರೋ ಹೆಂಗಸಿನ ಕೋಟು.

"ತೋಳು ಕೂರಿಸೋಕೆ ಬಂದಿಲ್ಲ ನೋಡೋ. ಹೆಗಲ ಹತ್ರ ಹೇಗೆ ಎಳೆದಿದೆ! ಆ ಟೈಲರ್ ಕೈ ಮುರಿಯ."

ಮಗನನ್ನು ಓದಿಸಿದ್ದು ಅತ್ತೆ ನಡೆಸುತ್ತಿದ್ದ ಹೊಲಿಗೆ ಅಂಗಡಿಯೇ. ನನಗದು ಗೊತ್ತು. ದಿನಕ್ಕೆರಡು ಬಾರಿ ನೆನಪಿಸುತ್ತಾರೆ, ಮರೆಯುವುದಾದರೂ ಹೇಗೆ.

ಸ್ವಲ್ಪ ಹೊತ್ತಿಗೆ ಕಣ್ಣಲ್ಲಿ ನೀರು ಸುರಿಯುತ್ತದೆ. ಇವರು ನಿಲ್ಲಿಸಿಬಿಡುತ್ತಾರೆ. "ಸಾಕಮ್ಮ. ಮಿಕ್ಕಿದ್ದು ಊರಿಗೆ ಹೋದ್ಮೇಲೆ ನಿಧಾನಕ್ಕೆ ನೋಡುವಿಯಂತೆ." ಅತ್ತೆ ಮಿಠಾಯಿ ಕಿತ್ತುಕೊಂಡ ಮಗುವಿನ ಹಾಗೆ ಮುಖ ಮಾಡಿ ಎದ್ದರು.

ಮೇ 5, ಸಂಜೆ 6

ಇವರು ಮುಂದಿನ ಊರಿನ ಬಸ್ ಟಿಕೆಟ್ ಮಾಡಿಸಲು ಹೋಗಿದ್ದಾರೆ. ಅತ್ತೆಯನ್ನು ನನ್ನ ತಲೆಗೆ ಕಟ್ಟಿ.

"ಅವನು ಫೋಟೋನ ರೈಲು ಓಡಿಸಿದ ಹಾಗೆ ಓಡಿಸ್ತಾನೆ. ನೀನು ತೋರಿಸೆ."

ತೋರಿಸಿದೆ. ನನ್ನ ನೀಲಿ ಡಿಸ್ಕ್ ಹಾಕಿ ಒಂದೊಂದೇ ಒತ್ತಿದೆ. ಒಂದು ಕಡೆ ಕೈ ಹಿಡಿದರು.

"ಇವಳ್ಯಾರೇ, ಮುಖ ಗಂಟು ಹಾಕ್ಕೊಂಡು? ಯಾರ ಆಸ್ತಿ ಮುಳುಗ್ತು?"

"ನಾನೇ ಅತ್ತೆ."

ಇನ್ನೂ ಹತ್ತಿರ ಹೋದರು. ಕನ್ನಡಕದ ಗಾಜು ಪರದೆಗೆ ಟಕ್ ಅಂತು. ಬೈಯುತ್ತಾರೆ ಎಂದು ಕಾದೆ.

"ಕೂದಲು ಬೆಳ್ಳಗಾಗಿದೆಯಲ್ಲೇ, ಇಲ್ಲಿ ಕಿವಿ ಹತ್ರ. ನನಗೆ ಗೊತ್ತೇ ಆಗಿಲ್ಲ." ಪರದೆಯ ಮೇಲೆ ಅಲ್ಲೇ ಬೆರಳಿಟ್ಟು, "ಮನೇಲಿ ನೀನು ನನಗೆ ಬರೀ ಬಣ್ಣ ಕಣೆ. ಹಸಿರು ಓಡಾಡಿದ್ರೆ ಇವತ್ತು ಸೊಸೆ ಹಸಿರು ಉಟ್ಟಿದ್ದಾಳೆ ಅಂದ್ಕೊಳ್ತೀನಿ. ಹೆಜ್ಜೆ ಸದ್ದಿಗೆ ಸಿಟ್ಟಲ್ಲಿದ್ದೀಯೋ ಇಲ್ವೋ ಗೊತ್ತಾಗುತ್ತೆ. ಮುಖ ಕಂಡಿದ್ದು ಈಗಲೇ."

ಬೈದಿದ್ದರೆ ಉತ್ತರ ಸಿದ್ಧವಿತ್ತು.

"ಊರಿಗೆ ಹೋದ್ಮೇಲೆ ಈ ಗಂಟುಮುಖಾನೇ ಮೊದಲು ತೋರಿಸು. ಬೆಟ್ಟ ಗುಡ್ಡ ಆಮೇಲೆ," ಅಂದರು. ನನಗೆ ನಗು ಬಂತು. ಅವರೂ ನಕ್ಕರು. ಮದುವೆಯಾದಾಗಿನಿಂದ ನಾವಿಬ್ಬರೇ ಕೂತು ನಕ್ಕದ್ದು ನೆನಪಿಲ್ಲ. ಇವರು ಬಂದರು. ಮೊದಲ ಮಾತು: "ಡಿಸ್ಕ್ ಸರಿಯಾಗಿ ಇಜೆಕ್ಟ್ ಮಾಡಿದ್ಯಾ?"

ಮೇ 6, ಮಧ್ಯಾಹ್ನ

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ದೋಣಿಗೆ ಕ್ಯೂ. ಹೆಗಲು ಸೇದುತ್ತಿತ್ತು. ಚೀಲವನ್ನು ಬೆಂಚಿನ ಮೇಲಿಟ್ಟು ನಾಲ್ಕು ಹೆಜ್ಜೆ ಆಚೆ ಕೈ ತೊಳೆಯಲು ಹೋದೆ. ನಾಲ್ಕೇ ಹೆಜ್ಜೆ. ತಿರುಗುವಷ್ಟರಲ್ಲಿ ಇವರು ಚೀಲ ಎತ್ತಿ ಹಿಡಿದು ಕೂಗುತ್ತಿದ್ದಾರೆ.

"ಬುದ್ಧಿ ಇದೆಯಾ ನಿನಗೆ? ಅಮ್ಮನ ಕಣ್ಣು ಕಣೆ ಇದು! ಕಣ್ಣು! ಬೆಂಚಿನ ಮೇಲೆ ಬಿಸಾಕಿ ಹೋಗ್ತೀಯಾ?"

ಕ್ಯೂ ಪೂರ್ತಿ ತಿರುಗಿತು. ಭಾಷೆ ಗೊತ್ತಿಲ್ಲದವರಿಗೂ ಗಂಡ ಹೆಂಡತಿಗೆ ಬೈಯುವುದು ಅರ್ಥವಾಗುತ್ತದೆ. ಅಲ್ಲಿಗೂ ಮುಗಿಯಲಿಲ್ಲ. ಅಲ್ಲೇ ಜಿಪ್ ಎಳೆದು, ಡಿಸ್ಕ್ ಇದೆಯೋ ಇಲ್ಲವೋ ಎಂದು ನನ್ನ ಬಾಚಣಿಗೆ, ಮಾತ್ರೆ, ಪ್ಯಾಡು, ಒಂದೊಂದಾಗಿ ಬೆಂಚಿನ ಮೇಲೆ ಹರಡಿದರು. ಎದುರಿಗಿದ್ದ ಹುಡುಗಿಯರು ಬೇರೆ ಕಡೆ ನೋಡಿದರು. ಅವರಿಗಿದ್ದ ನಾಚಿಕೆ ನನ್ನ ಗಂಡನಿಗಿರಲಿಲ್ಲ.

ದಿನಾ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಈ ತಪಾಸಣೆ ಹೇಗೂ ಇದ್ದದ್ದೇ. ರೂಮಿನೊಳಗೆ ಸಹಿಸಿದ್ದೆ. ನನ್ನದು ಅನ್ನುವುದಕ್ಕೆ ಈ ಪ್ರವಾಸದಲ್ಲಿ ಇದ್ದದ್ದು ಅದೊಂದು ಚೀಲ.

ದೋಣಿಯಲ್ಲಿ ಕೂತೆ. ನೀರು ನೋಡಲಿಲ್ಲ. ಇವರು ಫೋಟೋ ಹೊಡೆದೇ ಹೊಡೆದರು. ದ್ವೇಷ ಅಂದರೆ ಏನೆಂದು ಇವತ್ತು ಗೊತ್ತಾಯಿತು. ಬಾಯಲ್ಲಿ ಕಹಿಯಾಗುತ್ತದೆ, ನಿಜವಾಗಿಯೂ ಕಹಿ.

ಮೇ 8, ಬೆಳಿಗ್ಗೆ

ನಿನ್ನೆ ಬರೆಯಲಿಲ್ಲ. ಬರೆದಿದ್ದರೆ ಹಾಳೆ ಹರಿಯುತ್ತಿತ್ತು. ಮಾತಿಲ್ಲ ಕತೆಯಿಲ್ಲ. ಅತ್ತೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ತಟ್ಟೆಗೆ ಹೇಳುವ ಹಾಗೆ ಹೇಳಿದರು: "ಕೋಪದಲ್ಲಿ ಕೊಯ್ಕೊಂಡ ಮೂಗು ಶಾಂತವಾದ್ಮೇಲೆ ಬರುತ್ತಾ?" ಯಾರಿಗೆ ಹೇಳಿದರೋ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಇವತ್ತು ಊರು ಬದಲು, ಪ್ಯಾಕಿಂಗ್. ಇವರ ಕೈ ಮತ್ತೆ ನನ್ನ ಚೀಲದ ಜಿಪ್ಪಿಗೆ ಬಂತು.

"ಮುಟ್ಟಬೇಡಿ."

"ನೋಡ್ತೀನಿ ಅಷ್ಟೇ."

"ಮುಟ್ಟಬೇಡಿ ಅಂದೆ."

ಮುಖ ನೋಡಿದರು. ಏನು ಕಂಡಿತೋ, ಕೈ ತೆಗೆದು ಬಿಲ್ ಕೊಡಲು ಕೆಳಗೆ ಹೋದರು. ಕ್ಯಾಮರಾ ಬ್ಯಾಗ್ ಮಂಚದ ಮೇಲಿತ್ತು. ನೀಲಿ ಡಿಸ್ಕ್ ತೆಗೆದೆ. ಆ ಬ್ಯಾಗಿನ ತಳದಲ್ಲಿ, ಲೆನ್ಸ್ ಒರೆಸುವ ಬಟ್ಟೆಯ ಕೆಳಗೆ, ಕಪ್ಪಿನ ಪಕ್ಕದಲ್ಲೇ ತುರುಕಿದೆ. ನಿಮ್ಮ ಪ್ರಾಣ ನೀವೇ ಹೊತ್ತುಕೊಳ್ಳಿ ಮಹಾರಾಯರೇ. ಸಂಜೆ ಹೊಸ ರೂಮಿನಲ್ಲಿ ಬ್ಯಾಗ್ ತೆರೆದಾಗ ಎರಡೂ ಒಟ್ಟಿಗೆ ಕಾಣುತ್ತವೆ. ಎದೆ ಧಸಕ್ಕೆನ್ನಲಿ. ಆ ಮುಖ ನೋಡಬೇಕು ನಾನು. ಎಷ್ಟು ಹಗುರಾಯಿತು ಚೀಲ!

ಮೇ 8, ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿದೆ. ಇರಲಿ.

ಹೊರಡುವಾಗ ಇವರು ಬಾಗಿಲಲ್ಲಿ ನಿಂತರು. ಕ್ಯಾಮರಾ ಬ್ಯಾಗ್ ಆಗಲೇ ಹೆಗಲಿಗೇರಿತ್ತು.

"ಮೊನ್ನೆ ಹಾಗೆ ಮಾಡಬಾರದಿತ್ತು. ಎಲ್ಲರೆದುರಿಗೆ... ತಪ್ಪಾಯ್ತು. ಇನ್ಮೇಲೆ ನಿನ್ನ ಚೀಲ ಮುಟ್ಟಲ್ಲ, ಕೇಳೋದೂ ಇಲ್ಲ. ನಿನ್ನ ಹತ್ರ ಇದೆ ಅಂದ್ರೆ ಇದೆ."

ಇಷ್ಟು ವರ್ಷದಲ್ಲಿ ಇವರ ಬಾಯಲ್ಲಿ ತಪ್ಪಾಯ್ತು ಎನ್ನುವ ಮಾತು! ಅದೂ ಇವತ್ತೇ ಬರಬೇಕಿತ್ತಾ. ಹೇಳಿಬಿಡೋಣ ಅನ್ನಿಸಿತು. ನಾಲಿಗೆಯ ತುದಿಗೂ ಬಂತು. ಆದರೆ ಹೇಳಿದರೆ ಗೆದ್ದವರು ಮತ್ತೆ ಇವರೇ. ಸಂಜೆಯ ಮಾತು ತಾನೇ? ಇವರು ಸ್ನಾನಕ್ಕೆ ಹೋದಾಗ ಸದ್ದಿಲ್ಲದೆ ವಾಪಸ್ ತೆಗೆದುಕೊಂಡರಾಯಿತು. ಯಾರಿಗೂ ತಿಳಿಯಬೇಕಿಲ್ಲ. ಬ್ಯಾಗ್ ಇವರ ಕಾಲ ಮೇಲೆಯೇ ಇದೆ. ಮಗುವಿನ ಹಾಗೆ ತಬ್ಬಿಕೊಂಡು ನಿದ್ದೆ ಹೋಗಿದ್ದಾರೆ.

ಮೇ 8, ಮಧ್ಯಾಹ್ನ, ಬಸ್ ನಿಲ್ದಾಣದ ಪೊಲೀಸ್ ಚೌಕಿ

ಹೋಯಿತು.

ಬಸ್ಸಿನ ಮೆಟ್ಟಿಲು ಎತ್ತರ. ಅತ್ತೆಗೆ ಕೊನೆಯ ಮೆಟ್ಟಿಲು ಕಾಣಲಿಲ್ಲ, ಕಾಲು ಗಾಳಿಯಲ್ಲಿ ತಡಕಾಡಿತು. ಇವರು ಬ್ಯಾಗ್ ಕೆಳಗಿಟ್ಟು ಎರಡೂ ಕೈ ಕೊಟ್ಟು ಇಳಿಸಿದರು. ನಾನು ಆಚೆ ಕೈ ಕಟ್ಟಿಕೊಂಡು ನಿಂತಿದ್ದೆ. ಬಿಗುಮಾನ. ಬ್ಯಾಗಿನ ಕಡೆ ನೋಡಲೂ ಇಲ್ಲ. ಅತ್ತೆಯ ಕಾಲು ನೆಲಕ್ಕೆ ತಾಗುವಷ್ಟರಲ್ಲಿ ಬ್ಯಾಗ್ ಇಲ್ಲ.

ಇವರು ನಿಲ್ದಾಣವೆಲ್ಲ ಓಡಿದರು. ಶೌಚಾಲಯದ ಹಿಂದೆ, ಕಸದ ಡಬ್ಬಿಯಲ್ಲಿ, ಹೊರಡುತ್ತಿದ್ದ ಬಸ್ಸುಗಳೊಳಗೆ. ಬೆವರಿ ಬಂದು ನಿಂತರು.

ಪೊಲೀಸಿನವನು ಕೇಳಿದ: "ಒಳಗೆ ಏನೇನಿತ್ತು?"

"ಕ್ಯಾಮರಾ. ಎರಡು ಲೆನ್ಸ್. ಒಂದು ಡಿಸ್ಕ್."

"ಒಂದೇ?"

"ಒಂದೇ. ಇನ್ನೊಂದು ನನ್ನ ಹೆಂಡತಿ ಹತ್ರ ಇದೆ."

ಪೊಲೀಸಿನವನು ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಯಾಕೆ ಆಡಿಸಿದೆ? ದೇವರಾಣೆ ಗೊತ್ತಿಲ್ಲ. ಕತ್ತು ತಾನಾಗಿಯೇ ಆಡಿತು.

ಮೇ 8, ಸಂಜೆ

ಬಚ್ಚಲು. ಬಾಗಿಲಿಗೆ ಚಿಲಕ ಹಾಕಿದ್ದೇನೆ. ನಲ್ಲಿ ಬಿಟ್ಟಿದ್ದೇನೆ, ಸದ್ದಾಗಲಿ ಎಂದು.

ಇವರು ಕಿರುಚಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ನಗುತ್ತಿದ್ದಾರೆ! ಟ್ಯಾಕ್ಸಿಯಲ್ಲಿ ಪೂರ್ತಿ ಅದೇ ಮಾತು. "ಕ್ಯಾಮರಾ ಹೋದ್ರೆ ಹೋಗ್ಲಿ, ಕಬ್ಬಿಣ ಅದು. ಇವತ್ತಿಂದು ಒಂದೂ ಹೊಡೆದಿರ್ಲಿಲ್ಲ, ಪುಣ್ಯ. ಮಿಕ್ಕಿದ್ದೆಲ್ಲ ಇದೆಯಲ್ಲ. ಅದಕ್ಕೇ ಹೇಳ್ತಿದ್ದೆ, ಎರಡು ಚೀಲ, ಎರಡು ಚೀಲ ಅಂತ. ಈಗ ಗೊತ್ತಾಯ್ತಾ?" ನನ್ನ ಕೈ ಹಿಡಿದುಕೊಂಡರು. ಅತ್ತೆಯ ಎದುರಿಗೇ.

ಅತ್ತೆ ಅಂದರು: "ನನ್ನ ಸೊಸೆ ಬೆನ್ನು ಮುರ್ಕೊಂಡು ಹೊತ್ತಿದ್ದಕ್ಕೆ ಉಳೀತು. ಅವಳಿಗೆ ಕೂಗಾಡಿದ್ಯಲ್ಲೋ ಅವತ್ತು, ನಾಚಿಕೆ ಆಗಲ್ವಾ?"

ಒಂದು ಒಳ್ಳೆಯ ಮಾತಿಗಾಗಿ ಎಷ್ಟು ವರ್ಷ ಕಾದಿದ್ದೆ ಈ ಇಬ್ಬರ ಬಾಯಿಂದ. ಬಂತು, ಇಂಥ ಹೊತ್ತಿನಲ್ಲಿ. ಹಾಳಾಗಿ ಹೋಗಲಿ. ಅವರ ಮೇಲೆ ಇದ್ದ ಸಿಟ್ಟೆಲ್ಲ ಈಗ ನನ್ನ ಮೇಲೆಯೇ ತಿರುಗಿ ಕೂತಿದೆ. ಇಳಿಯುತ್ತಿಲ್ಲ.

ಹೇಗೆ ಹೇಳಲಿ? ಬ್ಯಾಗಿಗೆ ಹಾಕಿದ್ದು ಯಾಕೆ ಎಂದು ಕೇಳುತ್ತಾರೆ. ನಿಮ್ಮ ಮುಖ ಬಿಳಿಚುವುದನ್ನು ನೋಡಲು ಎನ್ನಲೇ? ಅದನ್ನು ನೋಡುವ ಸರದಿ ಬಂದೇ ಬಂತಲ್ಲ. ಬಸ್ಸಿನಲ್ಲಿ ಬಿತ್ತು ಅಂದರೆ? ಚೀಲ ಹರಿದಿತ್ತು ಅಂದರೆ? ಅತ್ತೆ ಹೊಲಿಗೆ ಮುಟ್ಟಿಯೇ ಹೇಳುತ್ತಾರೆ, ಹರಿದದ್ದೋ ಹರಿದುಕೊಂಡದ್ದೋ ಎಂದು. ನನ್ನ ಫೋನಿನಲ್ಲಿ ಮೂರು ಟೀ ಲೋಟ, ಒಂದು ಬೆಕ್ಕು. ಇಷ್ಟೇ ಉಳಿದದ್ದು. ವಾಪಸ್ ಹೋಗಿ ಮತ್ತೆ ಹೊಡೆಯಲು ಕ್ಯಾಮರಾ ಇಲ್ಲ, ರಜೆ ಇಲ್ಲ. ಅತ್ತೆಗೆ ಮುಂದಿನ ವರ್ಷ...

ಹೊರಗೆ ಇವರು ಲ್ಯಾಪ್‌ಟಾಪ್ ಆನ್ ಮಾಡಿ ಕೂತಿದ್ದಾರೆ. ಮೇಜಿನ ಮೇಲೆ ವೈರ್ ಬಿಚ್ಚಿಟ್ಟಿದ್ದಾರೆ. ಚೀಲ ಅವರ ಕೈಗೆ ಸಿಗುವ ಹಾಗೆಯೇ ಇತ್ತು, ಆದರೂ ಮುಟ್ಟಲಿಲ್ಲ. "ನೀನೇ ತೆಗೆದು ಕೊಡು. ಮಾತು ಅಂದ್ರೆ ಮಾತು," ಅಂದರು. ಅದಕ್ಕೇ ಚೀಲದ ಸಮೇತ ಇಲ್ಲಿಗೆ ಬಂದದ್ದು.

ಹುಚ್ಚಿಯ ಹಾಗೆ ಮತ್ತೊಮ್ಮೆ ಸುರುವಿ ನೋಡಿದೆ. ಬಾಚಣಿಗೆ. ಮಾತ್ರೆ. ಈ ಡೈರಿ.

"ಬಾರೆ, ಎಷ್ಟು ಹೊತ್ತು? ಕನ್ನಡಕ ಒರೆಸ್ಕೊಂಡು ಕೂತಿದೀನಿ. ಊರಿನ ತನಕ ಕಾಯೋಕಾಗಲ್ಲ ನನಗೆ, ಮೊದಲು ಆ ಗಂಟುಮುಖ ತೋರಿಸು."

"ಬಂದೆ ಅತ್ತೆ," ಅಂದೆ.

ಕುರ್ಚಿ ಸರಿದ ಸದ್ದು. ಇವರಲ್ಲ, ಅತ್ತೆ. ಗೋಡೆ ಸವರಿಕೊಂಡು ನಿಧಾನವಾಗಿ ಬರುತ್ತಿದ್ದಾರೆ. ಆಚೆಯಿಂದ ಬಾಗಿಲ ಹಿಡಿಗೆ ಕೈ ತಡಕಾಡುತ್ತಿದೆ. ಹೇಳಿಬಿಡುತ್ತೇನೆ. ಬಾಗಿಲು ತೆಗೆದ ಕೂಡಲೇ, ಮೊದಲು ಅತ್ತೆಗೇ, ಮುಖ ನೋಡದೆ... ಅವರಿಗೆ ಹೇಗೂ ನನ್ನ ಮುಖ ಕಾಣ...