ಹಳ್ಳದ ದಡದ ಮೂರಂತಸ್ತು

ಹಿಂದೂಪುರ
೧೪ ಅಕ್ಟೋಬರ್ ೨೦೨೫

ಪ್ರೀತಿಯ ಶಿರೀಷಕ್ಕಾ,

ಹೆಂಗಿದೀಯ? ಭಾವನ ಬೆನ್ನುನೋವು ಇಳೀತಾ? ನಿನ್ನ ಮನೆ ಮೆಟ್ಲು ಹತ್ತಿ ಇಳಿದು ಅಮ್ಮಂಗೆ ಮಂಡಿ ಹಿಡ್ಕೊಂಡೈತೇನೋ. ನಾವು ಚೆನ್ನಾಗಿದೀವಿ. ನೀನು ಫೋನ್ ಎತ್ತಾಕಿಲ್ಲ, ಅದ್ಕೇ ಈ ಕಾಗದ. ಕಲ್ಯಾಣದುರ್ಗದ ಬಸ್ ಓಡಿಸೋ ಬೈರಣ್ಣನ ಕೈಲಿ ಕಳಿಸ್ತಿದೀನಿ.

ನಿನ್ನ ಮನೆ ನೋಡಿದ್ರೆ ನಂಗೆ ಹೊಟ್ಟೆ ಉರೀತೈತೆ ಕಣಕ್ಕ, ಮುಚ್ಚಿಡಾದೇನು. ಇಬ್ಬರೂ ಒಂದೇ ವರ್ಷ ಪಾಯ ತೆಗೆಸಿದ್ವಿ. ನಮ್ಮ ಪ್ಲಾನು ಮುನ್ಸಿಪಾಲ್ಟಿ ಆಫೀಸಿಂದ ವಾಪಸ್ ಬಂತು. ಸುತ್ತ ಜಾಗ ಬಿಡಿ ಅಂದ್ರು, ಬಿಟ್ವಿ. ಈ ಮಣ್ಣು ಮೇಲಂತಸ್ತು ತಡೆಯಾಕಿಲ್ಲ ಅಂದ್ರು, ನಮ್ಮೆಜಮಾನ್ರು ಹೂಂ ಅಂದ್ಬುಟ್ರು. ನೀನು ಯಾರಿಗೂ ಪ್ಲಾನ್ ತೋರಿಸದೆ ಹಳ್ಳದ ದಡಕ್ಕೇ ಗೋಡೆ ತಂದು ಮೂರಂತಸ್ತು ಎಬ್ಬಿಸ್ದೆ. ಗೃಹಪ್ರವೇಶದ ದಿನ ಅಮ್ಮ ನಿನ್ನ ಮಾಳಿಗೆ ಮೇಲೆ ನಿಂತು, ನೆಂಟರೆಲ್ಲ ಕೇಳೋ ಹಂಗೆ ತೆಲುಗಲ್ಲಿ, "ಇಲ್ಲಂಟೇ ಇದಿ ಕಣಮ್ಮ" ಅಂದ್ಳು. ಮನೆ ಅಂದ್ರೆ ಇದಂತೆ! ನಮ್ಮನೆಗೆ ಬಂದಾಗ ಚಪ್ಲಿ ಎಲ್ಲಿ ಬಿಡ್ಲಿ ಅಂತ ಕೇಳಿದ್ದೊಂದೇ. ನೀನೂ ನಗ್ತಾ "ಸರಿತಾದು ಕೋಳಿಗೂಡು, ಆದ್ರೂ ಮುದ್ದಾಗೈತೆ" ಅಂದೆ. ಆವತ್ತು ಒಬ್ಬಟ್ಟು ಎಲೇಲೇ ಬಿಟ್ಟು ಎದ್ದೆ ನಾನು. ಆಮೇಲೆ ಅಮ್ಮ ಪೆಟ್ಟಿಗೆ ತಗೊಂಡು ನಿನ್ನ ಮನೇಲೇ ಇರಾಕೆ ಹೋಗ್ಬುಟ್ಳು.

ಹೋದ ವಾರ ಮಳೆ ಹುಯ್ದು ಹಳ್ಳ ಬಂದಾಗ ಅಮ್ಮನ್ನ ನೋಡಾಕೆ ಬಂದಿದ್ನಲ್ಲ, ಹಂಗೇ ಹಿತ್ಲಿಗೂ ಹೋಗಿ ನೋಡ್ದೆ. ನೀರು ಪಾಯದ ಮಣ್ಣು ಕೊಚ್ಕೊಂಡು ಹೋಗೈತೆ. ಮೂಲೆ ಪಿಲ್ಲರ್ ಬುಡದಲ್ಲಿ ಕೈ ತೂರೋ ಅಷ್ಟು ಟೊಳ್ಳು. ಗೋಡೆ ಸೀಳಿದ್ದಕ್ಕೆ ಸಿಮೆಂಟ್ ಮೆತ್ತಿ ಸುಣ್ಣ ಹೊಡೆಸಿದೀಯ. ಖಾಲಿ ಮಾಡಕ್ಕ ಅಂದ್ರೆ, "ನಿನ್ ಕಣ್ಣು ಬಿದ್ದೇ ಬಿರುಕು ಬಿಟ್ಟಿದ್ದು, ಹೋಗೇ" ಅಂದೆ. ಬಸ್ಸಲ್ಲಿ ಕೂತ ಮೇಲೆ, ಆ ಬಿರುಕು ಕಂಡ ತಕ್ಷಣ ನಂಗೆ ಒಂದು ಗಳಿಗೆ ಖುಷಿಯಾಗಿತ್ತು ಅನ್ನೋದು ಗೊತ್ತಾಗಿ ಸೆರಗಲ್ಲಿ ಮುಖ ಮುಚ್ಕೊಂಡೆ. ಆಮೇಲೆ ಆ ಗೋಡೆ ಕೆಳಗೆ ಅಮ್ಮ ಮಲಗೋದು ನೆನಪಾಗಿ ಊರು ಬರೋವರ್ಗೂ ಅಳು ನಿಲ್ಲಲಿಲ್ಲ.

ಭಾವಂಗೆ ನಮಸ್ಕಾರ ಹೇಳು. ಅಮ್ಮನ ಕಾಲಿಗೆ ಬಿದ್ದೆ ಅನ್ನು.

ನಿನ್ನ ತಂಗಿ
ಸರಿತಾ

ಬೈರಣ್ಣ ಹಾರನ್ ಹೊಡೀತಾವ್ನೆ, ಇನ್ನೊಂದು ಮಾತು. ನಿಮ್ಮೂರ ಮುನ್ಸಿಪಾಲ್ಟಿ ಆಫೀಸಿಗೆ ಬೆಳಿಗ್ಗೆ ಫೋನಲ್ಲೇ ಕಂಪ್ಲೇಂಟ್ ಕೊಟ್ಟಿದೀನಿ, ನನ್ನ ಹೆಸರಲ್ಲೇ. ಆವತ್ತು ಹಿತ್ಲಲ್ಲಿ ತೆಗೆದ ಪಿಲ್ಲರಿನ ಫೋಟೋನೂ ಕಳಿಸಿದೀನಿ. ನಾಳೆ ಬಂದು ಖಾಲಿ ಮಾಡಿಸ್ತಾರೆ. ಹೊಟ್ಟೆಕಿಚ್ಚಿಗೆ ಮಾಡಿದ್ಳು ಅಂತ ಊರಿಗೆಲ್ಲ ಹೇಳ್ಕೊ, ನಾನು ಇಲ್ಲ ಅನ್ನಾಕಿಲ್ಲ. ಮತ್ತೆ ಮೋಡ ಕಟ್ಟೈತೆ, ಅವರಿಗೆ ಕಾಯ್ಬೇಡ. ಭಾವನ್ನ, ಅಮ್ಮನ್ನ ಕರ್ಕೊಂಡು, ವಾಪಸ್ ಬರೋ ಬೈರಣ್ಣನ ಬಸ್ಸಿಗೇ ಹತ್ತು. ಬೈಯಾದೆಲ್ಲ ಇಲ್ಲಿಗೆ ಬಂದು ಬೈಯಿ.