ಭಾಗ ಮಾಡಿದ ಮೇಲೆ ಜಾಸ್ತಿ ಹೇಗಾಯ್ತು?

ಪ್ರೀತಿಯ ಅತ್ತೆ,

ನೀವು ಕೇಳುವುದಕ್ಕೆಲ್ಲ ಮೊದಲು ಉತ್ತರ ಬರೆದುಬಿಡುತ್ತೇನೆ. ಗ್ಯಾಸ್ ಆಫ್ ಮಾಡಿದ್ದೇನೆ. ಹಿಂಬಾಗಿಲಿಗೆ ಚಿಲಕ ಹಾಕಿದ್ದೇನೆ. ನಿಮ್ಮ ಮಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದಾರೆ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ನೀವು ಮಗಳ ಬಾಣಂತನಕ್ಕೆಂದು ಹೋದಮೇಲೆ ಫೋನಿನಲ್ಲಿ ನಮ್ಮ ಮಾತು ಇಷ್ಟಕ್ಕೇ ಮುಗಿಯುತ್ತದೆ. ಅಷ್ಟರಲ್ಲಿ ಆ ಕಡೆ ಮಗು ಅಳುತ್ತದೆ, ನೀವು "ಇಡ್ತೀನಮ್ಮ" ಅನ್ನುತ್ತೀರಿ. ಇವತ್ತು ಹೇಳಬೇಕಾಗಿರುವುದು ಅಷ್ಟರಲ್ಲಿ ಮುಗಿಯುವಂಥದ್ದಲ್ಲ. ಇವತ್ತು ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಏನಾಯಿತೆಂದು ಕೊನೆಯಲ್ಲಿ ಹೇಳುತ್ತೇನೆ, ದಯವಿಟ್ಟು ಹಾರಿಸಿ ಓದಬೇಡಿ. ನಿಮ್ಮ ಬುದ್ಧಿ ನನಗೆ ಗೊತ್ತು.

ಫ್ಲಿಪ್ಡ್ ಕ್ಲಾಸ್‌ರೂಮ್ ಅನ್ನುವ ಹೆಸರನ್ನು ನಾನು ಮೊದಲ ಸಲ ಊಟದ ಮೇಜಿನಲ್ಲಿ ಎತ್ತಿದ ದಿನ ನಿಮಗೆ ನೆನಪಿರಬೇಕು. ಪಾಠವನ್ನು ವಿಡಿಯೊ ಮಾಡಿ ಕಳಿಸುತ್ತೇನೆ, ಮಕ್ಕಳು ಅದನ್ನು ಮನೆಯಲ್ಲಿ ನೋಡಿಕೊಂಡು ಬರುತ್ತಾರೆ, ಮನೆಯಲ್ಲಿ ಮಾಡುತ್ತಿದ್ದ ಲೆಕ್ಕಗಳನ್ನು ತರಗತಿಯಲ್ಲಿ ಕೂತು ಮಾಡುತ್ತಾರೆ ಎಂದು ವಿವರಿಸಿದೆ. ನೀವು ತಟ್ಟೆಯಿಂದ ತಲೆಯೆತ್ತದೆ, "ಅಂದ್ರೆ ಊಟ ಮನೇಲಿ, ಅಡುಗೆ ಶಾಲೇಲಿ ಅನ್ನು" ಅಂದಿರಿ. ನಿಮ್ಮ ಮಗನಿಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ನನಗೆ ಮೈಯೆಲ್ಲ ಉರಿಯಿತು.

ನಿಮಗೆ ಆವತ್ತು ಹೇಳದೆ ಉಳಿದದ್ದು ಒಂದಿದೆ. ಇಷ್ಟು ವರ್ಷ ನಾನು ಮಕ್ಕಳಿಗೆ ಬೆನ್ನು ತೋರಿಸಿಯೇ ಗಣಿತ ಹೇಳಿಕೊಟ್ಟೆ. ಬೋರ್ಡಿನ ಮೇಲೆ ಬರೆಯುವುದು, ಒರೆಸುವುದು, ಗಂಟೆ ಹೊಡೆಯುವ ಹೊತ್ತಿಗೆ "ಉಳಿದದ್ದು ಮನೇಲಿ ಮಾಡ್ಕೊಂಡು ಬನ್ನಿ" ಎನ್ನುವುದು. ಕಷ್ಟವಾಗುತ್ತಿದ್ದದ್ದೇ ಆ ಉಳಿದದ್ದು. ಮಗು ತಡವರಿಸುವ ಹೊತ್ತಿಗೆ ಪಕ್ಕದಲ್ಲಿ ನಾನಿರುತ್ತಿರಲಿಲ್ಲ. ಆ ಹೊತ್ತಿನಲ್ಲಿ ಒಂದು ಸಲವಾದರೂ ಅವರ ಪಕ್ಕ ಕೂರಬೇಕು ಅನ್ನುವ ಆಸೆ ನನಗಿತ್ತು. ಹೆಡ್ ಮಿಸ್ ಒಪ್ಪಿದರು, ಆದರೆ ಅರೆಮನಸ್ಸಿನಿಂದ. ಆರನೇ ತರಗತಿಗೆ ಮಾತ್ರ, ಅದೂ ಈ ಪೋಷಕರ ಸಭೆಯವರೆಗೆ. ಆಮೇಲೆ ಪೋಷಕರು ಬೇಡವೆಂದರೆ ಮತ್ತೆ ಬೋರ್ಡು, ಚಾಕ್‌ಪೀಸು, ನನ್ನ ಬೆನ್ನು.

ಶುರುವಾದ ಮೇಲಿನ ಗೋಳು ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಸದ್ದಿಲ್ಲದ ಜಾಗವೆಂದರೆ ಅಡುಗೆಮನೆ ಒಂದೇ. ಹಿಟ್ಟಿನ ಡಬ್ಬಿಗೆ ಫೋನ್ ಒರಗಿಸಿ, ವಾರ್ತೆ ಓದುವವಳ ಹಾಗೆ ನೆಟ್ಟಗೆ ಕೂತು ಪಾಠ ಒಪ್ಪಿಸುತ್ತಿದ್ದೆ. ಮರುದಿನ ತರಗತಿಯಲ್ಲಿ "ಯಾರ್ಯಾರು ನೋಡಿದ್ರಿ?" ಅಂದರೆ ಎಲ್ಲರ ಕಣ್ಣೂ ನೆಲದ ಮೇಲೆ. ಬೇಕರಿ ನಡೆಸುವ ಒಬ್ಬ ತಂದೆಯಂತೂ ಹೆಡ್ ಮಿಸ್ ಕೋಣೆಗೇ ಬಂದು, ಮಕ್ಕಳ ಕೈಗೆ ಫೋನ್ ಕೊಡುವುದನ್ನು ಪಾಠ ಅನ್ನುತ್ತಾರಾ ಎಂದು ಕೂಗಾಡಿ ಹೋದರು.

ಆಗ ಬಂತು ನೋಡಿ, ಭಿನ್ನರಾಶಿಯ ಭಾಗಾಕಾರ. ನೀವು ಮೇಜಿನ ಆ ತುದಿಯಲ್ಲಿ ಬಟಾಣಿ ಬಿಡಿಸುತ್ತಾ ಕೂತಿದ್ದಿರಿ. ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟಿದ್ದಿರಿ ಬೇರೆ. ನಾನು ಅರ್ಧವನ್ನು ಕಾಲಿನಿಂದ ಭಾಗಿಸಿದೆ, ನಿಯಮದ ಪ್ರಕಾರ ಕಾಲನ್ನು ತಲೆಕೆಳಗು ಮಾಡಿ ಗುಣಿಸಿದೆ, ಉತ್ತರ ಎರಡು ಅಂದೆ. ಅಷ್ಟೆ.

"ನಿಲ್ಲು ನಿಲ್ಲು. ಭಾಗ ಮಾಡಿದ್ಮೇಲೆ ಕಮ್ಮಿ ಆಗ್ಬೇಕಲ್ವಾ? ಜಾಸ್ತಿ ಹೇಗಾಯ್ತು?"

"ಅತ್ತೆ, ರೆಕಾರ್ಡ್ ಆಗ್ತಿದೆ."

"ಆಗ್ಲಿ. ಇದ್ದಿದ್ದು ಅರ್ಧ. ಅದು ಎರಡು ಹೇಗಾಯ್ತು, ಹೇಳು."

"ಅದು ನಿಯಮ ಅತ್ತೆ. ತಲೆಕೆಳಗು ಮಾಡಿ ಗುಣಿಸ್ಬೇಕು."

"ಯಾಕೆ ಮಾಡ್ಬೇಕು? ಮಾಡ್ದಿದ್ರೆ ಯಾರಾದ್ರೂ ಬೈತಾರಾ?"

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಜನ್ಮವಿಡೀ ಊರವರ ಪ್ರಶ್ನೆಗಳಿಗೆ ಉತ್ತರ ಕೊಟ್ಟವರು ನೀವು. ನಿವೃತ್ತಿಯಾದ ಮೇಲೆ ಅಷ್ಟನ್ನೂ ನನ್ನ ಹತ್ತಿರವೇ ವಾಪಸ್ ಕೇಳಲು ನಿಂತಿರಿ ಅನ್ನಿಸಿತು. ಸಿಟ್ಟಿನಲ್ಲಿ ಎದ್ದು ಬ್ರೆಡ್ಡನ್ನು ತಂದು ಅರ್ಧಕ್ಕೆ ಕತ್ತರಿಸಿ ನಿಮ್ಮ ಮುಂದೆ ಕುಕ್ಕಿದೆ. "ಇದು ಅರ್ಧ ಬ್ರೆಡ್ಡು. ಒಬ್ಬೊಬ್ಬರಿಗೆ ಕಾಲು ಬ್ರೆಡ್ಡು ಕೊಟ್ರೆ ಎಷ್ಟು ಜನಕ್ಕೆ ಬರುತ್ತೆ?" ನೀವು ಬ್ರೆಡ್ಡನ್ನು ನೋಡಿದಿರಿ, ನನ್ನನ್ನು ನೋಡಿದಿರಿ. "ಇಬ್ಬರಿಗೆ. ಓ, ಎರಡು ಅಂದ್ರೆ ಎರಡು ಬ್ರೆಡ್ಡಲ್ಲ, ಇಬ್ಬರಿಗೆ ಬರುತ್ತೆ ಅಂತ! ಹಾಗನ್ನು ಮತ್ತೆ. ಮೊದ್ಲೇ ಹೇಳೋಕೆ ಏನಾಗಿತ್ತು ನಿಂಗೆ?" ಇದಾದ ಮೇಲೆ ಬಟಾಣಿ ಪಾತ್ರೆ ಬಿದ್ದ ಸದ್ದು.

ನೀವು ಒಳಗೆ ಹೋದಮೇಲೆ ಇನ್ನೊಂದು ವಿಡಿಯೊ ಮಾಡಿದೆ. ಗಂಭೀರವಾದದ್ದು, ಶುದ್ಧವಾದದ್ದು. ಬೆಳಗಿನ ಗಡಿಬಿಡಿಯಲ್ಲಿ ತರಗತಿಯ ಗ್ರೂಪಿಗೆ ಕಳಿಸಿದ್ದು ಮಾತ್ರ ಬಟಾಣಿ ಬಿದ್ದದ್ದನ್ನು. ಗೊತ್ತಾಗುವ ಹೊತ್ತಿಗೆ ಎಲ್ಲರೂ ನೋಡಿ ಆಗಿತ್ತು.

ಮರುದಿನ ತರಗತಿಗೆ ಕಾಲಿಡುವಾಗ ನನ್ನ ಜೀವ ಕೈಯಲ್ಲಿತ್ತು. ಮಕ್ಕಳು ಆಗಲೇ ಜಗಳಕ್ಕೆ ಬಿದ್ದಿದ್ದರು. ಅರ್ಧ ಬ್ರೆಡ್ಡನ್ನು ಅರೆಕಾಲಿನಂತೆ ಹಂಚಿದರೆ ಎಷ್ಟು ಜನಕ್ಕೆ ಬರುತ್ತದೆ ಎಂದು ಬೆಂಚಿನ ಮೇಲೇ ಚಿತ್ರ ಬರೆಯುತ್ತಿದ್ದರು. "ಟೀಚರ್, ಅಜ್ಜಿಗೆ ಬಂದಿದ್ದ ಡೌಟೇ ನನಗೂ ಬಂದಿತ್ತು" ಅನ್ನುವವರೇ ಎಲ್ಲ. ಅಷ್ಟರಲ್ಲಿ ಕೊನೇ ಬೆಂಚಿನ ಹುಡುಗಿ ಎದ್ದು ನಿಂತಳು. ಹಾಜರಿ ಕೂಗಿದಾಗಲೂ ಕೈಯನ್ನಷ್ಟೇ ಎತ್ತುವ ಮಗು ಅದು. ನಾವೆಲ್ಲ ಅವಳನ್ನು ಗುಬ್ಬಿ ಅನ್ನುತ್ತೇವೆ.

"ಟೀಚರ್, ಆಮೇಲೆ ಅಜ್ಜಿಗೆ ಬೈದ್ರಾ?"

ಇಲ್ಲಮ್ಮ, ಬೈಯಲಿಲ್ಲ ಅಂದೆ.

"ಹಾಗಾದ್ರೆ ನಾನೂ ಒಂದು ಕೇಳ್ಲಾ?"

ಅತ್ತೆ, ನಾನು ಅವಳ ಪಕ್ಕದಲ್ಲಿ ಹೋಗಿ ಕೂತೆ. ಬೋರ್ಡಿಗೆ ಬೆನ್ನು ಮಾಡಿ ಕೂತೆ. ಅವಳು ಏನಾದರೂ ಬರೆಯುವ ಮೊದಲೇ ಅಳಿಸಲು ರಬ್ಬರನ್ನು ಎಡಗೈಯಲ್ಲಿ ಹಿಡಿದುಕೊಂಡಿರುತ್ತಾಳೆ ಎಂದು ನನಗೆ ಅವತ್ತೇ ತಿಳಿದದ್ದು. ಅವಳು ಕೇಳಿದ್ದು ಸಣ್ಣ ಪ್ರಶ್ನೆ. ಎಷ್ಟು ದಿನದಿಂದ ಅದನ್ನು ಒಳಗೇ ಇಟ್ಟುಕೊಂಡಿದ್ದಳೋ.

ಅದೇ ಸಂಜೆ ನಿಮ್ಮನ್ನು ಎಲ್ಲ ಪಾಠಕ್ಕೂ ಕೂರಲು ಕೇಳಿದರೆ ನೀವು ಮುಖ ಊದಿಸಿಕೊಂಡಿರಿ. "ನಾನು ದಡ್ಡಿ ಅಂತ ಊರಿಗೆಲ್ಲ ಸಾರಿದ್ದು ಸಾಲ್ದಾ?" ಆಮೇಲೆ ಒಪ್ಪಿದ್ದು ಒಂದು ಷರತ್ತಿನ ಮೇಲೆ: "ನಾಟಕ ಆಡಲ್ಲ ಟೀಚರಮ್ಮ. ನಂಗೆ ನಿಜವಾಗಿ ಅರ್ಥ ಆಗದಿದ್ರೆ ಮಾತ್ರ ಕೇಳ್ತೀನಿ. ಆಗದೆ ಇದ್ರೆ ಆಯ್ತು ಅನ್ನಲ್ಲ." ಮಾತಿಗೆ ತಪ್ಪಲಿಲ್ಲ ನೀವು. ಶೇಕಡಾವಾರಿನ ಪಾಠ ಮುಗಿದದ್ದೇ "ನಂಗಿನ್ನೂ ಆಗ್ಲಿಲ್ಲ ಬಿಡು" ಎಂಬ ನಿಮ್ಮ ಮಾತಿನಿಂದ. ನಾನು ಅದನ್ನು ಹಾಗೇ ಕಳಿಸಿದೆ. ಮರುದಿನ ಇಡೀ ತರಗತಿ ಅಜ್ಜಿಗೆ ಅರ್ಥ ಮಾಡಿಸುವುದು ಹೇಗೆಂದು ತಲೆ ಕೆಡಿಸಿಕೊಂಡಿತು. ಪಾಠ ಹೇಳಿಕೊಡುವುದು ಎಂಥ ಕಷ್ಟವೆಂದು ಅವರಿಗೂ ತಿಳಿಯಿತು, ನನಗೆ ಒಳಗೊಳಗೇ ಖುಷಿ.

ಈಗ ಸಭೆಯ ವಿಷಯ. ನೀವು ಹೊರಟ ಮೇಲೆ ನಾನೊಬ್ಬಳೇ ಮಾಡಿದ ವಿಡಿಯೊಗಳು ಸಪ್ಪೆಯಾಗಿದ್ದವು, ಹಾಗಾಗಿ ಧೈರ್ಯ ಮೊದಲೇ ಉಡುಗಿತ್ತು. ನಾನು ಬಾಯಿಪಾಠ ಮಾಡಿಕೊಂಡಿದ್ದ ಭಾಷಣ ಶುರುವಾಗುವ ಮೊದಲೇ ಬೇಕರಿಯವರು ಎದ್ದರು. "ನಾವು ಮಕ್ಕಳನ್ನ ಶಾಲೆಗೆ ಕಳ್ಸೋದು ನೀವು ಪಾಠ ಮಾಡ್ಲಿ ಅಂತ. ಮನೇಲಿ ಫೋನ್ ಮುಂದೆ ಕೂರ್ಸೋದಾದ್ರೆ ನೀವ್ಯಾಕೆ ಬೇಕು?" ಹಲವರು ತಲೆಯಾಡಿಸಿದರು. ಹೆಡ್ ಮಿಸ್ ನನ್ನ ಮುಖ ನೋಡಿದರು. ನಾನು ಬಾಯಿಪಾಠದ ಮೊದಲ ಸಾಲನ್ನೇ ಇನ್ನೂ ಹುಡುಕುತ್ತಿದ್ದೆ.

ಮಾತಾಡಿದ್ದು ಗುಬ್ಬಿಯ ತಾಯಿ. ಇಸ್ತ್ರಿ ಅಂಗಡಿಯಲ್ಲಿ ಕೆಲಸ ಅವರಿಗೆ. "ಅವಳು ಪಾಠ ನೋಡುವಾಗ ನಾನೂ ಅಲ್ಲೇ ಬಟ್ಟೆ ಮಡಚ್ತಾ ಇರ್ತೀನಿ. ಮೊದ್ಲೆಲ್ಲ ಏನಾದ್ರೂ ಕೇಳಿದ್ರೆ, ನಿಂಗೆ ಗೊತ್ತಾಗಲ್ಲ ಬಿಡಮ್ಮ ಅಂತಿದ್ಲು. ಈಗ ವಿಡಿಯೊ ನಿಲ್ಸಿ ಹೇಳ್ಕೊಡ್ತಾಳೆ. ನಂಗೆ ಅರ್ಥ ಆಗೋವರೆಗೂ ಬಿಡಲ್ಲ." ಇಷ್ಟು ಹೇಳಿ, ಎಲ್ಲರೂ ತನ್ನನ್ನೇ ನೋಡುತ್ತಿರುವುದು ಕಂಡು ಗಾಬರಿಯಾಗಿ ಕೂತುಬಿಟ್ಟರು.

ಬೇಕರಿಯವರು ಇನ್ನೂ ನಿಂತೇ ಇದ್ದರು. ಕತ್ತು ತುರಿಸಿಕೊಂಡು, ದನಿ ತಗ್ಗಿಸಿ ಕೇಳಿದರು: "ಅದಿರ್ಲಿ ಮೇಡಂ, ಆ ಅಜ್ಜಿ ಯಾಕೆ ಈಗ ಬರ್ತಿಲ್ಲ? ಹುಷಾರಿದಾರೆ ತಾನೆ?"

ಮೊದಲು ನಕ್ಕವರು ಹೆಡ್ ಮಿಸ್. ಆಮೇಲೆ ಇಡೀ ಕೋಣೆ ನಕ್ಕಿತು, ಕೊನೆಗೆ ಬೇಕರಿಯವರೂ ನಕ್ಕರು. ಫೋನ್ ಬೇಡವೆಂದು ಕೂಗಾಡಿದ ಮನುಷ್ಯ ಒಂದು ಪಾಠವನ್ನೂ ಬಿಟ್ಟಿರಲಿಲ್ಲ! ನಿಮಗೆ ಮೊಮ್ಮಗಳು ಹುಟ್ಟಿದ್ದಾಳೆ, ಅವಳ ಆರೈಕೆಯಲ್ಲಿದ್ದೀರಿ ಎಂದು ಹೇಳಿದೆ. ಚಪ್ಪಾಳೆ ತಟ್ಟಿದರು ಅತ್ತೆ, ಮಗು ಹುಟ್ಟಿದ್ದಕ್ಕೆ. ಹೆಡ್ ಮಿಸ್ ಮುಂದಿನ ವರ್ಷ ಏಳನೇ ತರಗತಿಗೂ ಇದೇ ಇರಲಿ ಅಂದರು.

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾವಿಬ್ಬರೂ ಒಂದು ದಿನ ಜಗಳವಾಡಿದವರಲ್ಲ, ಒಂದು ದಿನ ಮನಸ್ಸು ಬಿಚ್ಚಿ ಮಾತಾಡಿದವರೂ ಅಲ್ಲ. ನೀವು ಏನೇ ಕೇಳಿದರೂ ನನ್ನ ತಪ್ಪು ಹುಡುಕುತ್ತಿದ್ದೀರಿ ಎಂದೇ ತಿಳಿದಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ತಲೆಯೆತ್ತಿ ಹೇಳಲು ಎಷ್ಟು ಎದೆಗಾರಿಕೆ ಬೇಕೆಂದು ಆ ಅಡುಗೆಮನೆಯ ಮೇಜಿನಲ್ಲಿ ನಿಮ್ಮನ್ನು ನೋಡಿ ಕಲಿತೆ. ನಿಮ್ಮಿಂದ ಒಂದು ಮಗುವಿಗೆ ಬಾಯಿ ಬಂತು. ನನಗೆ ಬೆಂಚಿನ ಮೇಲೆ, ಮಕ್ಕಳ ಪಕ್ಕದಲ್ಲಿ, ಒಂದು ಜಾಗ ಸಿಕ್ಕಿತು. ಇದಕ್ಕೆ ಥ್ಯಾಂಕ್ಸ್ ಅನ್ನುವುದು ತೀರಾ ಚಿಕ್ಕ ಮಾತು, ಆದರೂ ಹೇಳುತ್ತೇನೆ. ನಿಮ್ಮ ಎದುರಿಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆದಿದ್ದೇನೆ.

ಮಗುವಿನ ಕತ್ತು ನಿಲ್ಲುವವರೆಗೂ ಅಲ್ಲೇ ಇರಿ, ಅವಸರವಿಲ್ಲ. ಮಕ್ಕಳು ಈಗ ತಾವೇ ಪ್ರಶ್ನೆ ಕೇಳುತ್ತಾರೆ, ಶಾಲೆ ನೀವಿಲ್ಲದೆಯೂ ನಡೆಯುತ್ತದೆ. ನನಗೆ ಮಾತ್ರ ನೀವಿಲ್ಲದೆ ಆಗುತ್ತಿಲ್ಲ. ಬೇಗ ಬನ್ನಿ.

ಪುಟ್ಟಿ ನೂರು ವರ್ಷ ಬಾಳಲಿ, ಬೇಕಾದ್ದನ್ನೆಲ್ಲ ಕೇಳುತ್ತಾ ಬೆಳೆಯಲಿ. ನನ್ನ ತಲೆಯ ಮೇಲೆ ನಿಮ್ಮ ಕೈ ಹೀಗೇ ಇರಲಿ.

ನಿಮ್ಮ ಸೊಸೆ,
ಟೀಚರಮ್ಮ