ಪರದೆಯ ಹಿಂದಿನ ದನಿ

ಸರ್ಕಾರಿ ಆಸ್ಪತ್ರೆಯ ಸಿಸ್ಟರಮ್ಮನವರಿಗೆ ನಾಟಕದ ಮಹಾರಾಜನ ನಮಸ್ಕಾರಗಳು.

ತಾಯೀ, ನನ್ನ ಮನೆಯವಳು ಎರಡು ತಿಂಗಳಿಂದ ನಿಮ್ಮ ಬಿ.ಪಿ. ಮಾತ್ರೆಯ ಸಾಲಿನಲ್ಲಿ ಕಂಡಿಲ್ಲ. ನಿಮ್ಮ ಮೇಲೆ ಮುನಿಸೇನೂ ಇಲ್ಲ. ಮಗಳು ಒಮ್ಮೆ ಆಕೆಯನ್ನು ಖಾಸಗಿ ಆಸ್ಪತ್ರೆಗೆ ಕರೆದೊಯ್ದಳು. ಅಬ್ಬಬ್ಬಾ, ಅದೇನು ದರ್ಬಾರು, ಅದೇನು ದೀಪಗಳು! "ಸರ್ಕಾರಿ ಮಾತ್ರೆ ಸುದ್ದಿ ಇಲ್ಲಿ ಎತ್ತಬೇಡಮ್ಮ, ಮರ್ಯಾದೆ ಹೋಗುತ್ತೆ" ಎಂದು ಮಗಳು ಪಿಸುಗುಟ್ಟಿದಳಂತೆ. ಇವಳು ಎತ್ತಲಿಲ್ಲ. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ನೋಡಿ, "ನಿಮಗೆ ಬಿ.ಪಿ.ಯೇ ಇಲ್ಲಮ್ಮ, ಆರಾಮಾಗಿರಿ" ಎಂದರು. ಅದನ್ನು ಹತೋಟಿಯಲ್ಲಿ ಇಟ್ಟಿದ್ದು ನಿಮ್ಮ ಮಾತ್ರೆಯೆಂದು ಅವರಿಗೆ ಹೇಗೆ ತಿಳಿಯಬೇಕು? ಇವಳು ಕುಣಿಯುತ್ತಾ ಬಂದು, "ರೀ, ನಾನು ಗೆದ್ದೆ!" ಎಂದಳು. ಅಂದೇ ಮಾತ್ರೆ ಬಿಟ್ಟಳು. ಹೋದ ವಾರ ಪಾರ್ಶ್ವವಾಯು ಬಡಿಯಿತು. ಬಲಗೈ ಬಿದ್ದುಹೋಗಿದೆ, ಮಾತು ನಿಂತಿದೆ.

ಮಗಳನ್ನು ಬೈಯಬೇಡಿ. ಊಟ ಬಿಟ್ಟು ಅಮ್ಮನ ಕಾಲ ಬಳಿ ಕೂತಿದ್ದಾಳೆ.

ಬಿಡುವಾದಾಗ ಮನೆಗೆ ಬಂದು ಬಿ.ಪಿ. ನೋಡಿ ಹೋಗಬೇಕು. ಬಂದಾಗ ಎಂದಿನಂತೆ, "ಏನಮ್ಮ ಮಹಾರಾಣಿ, ಮಾತ್ರೆ ನುಂಗಿದ್ಯಾ?" ಎಂದು ಮಾತ್ರ ಕೇಳಬೇಡಿ.

ಜೀವಮಾನವಿಡೀ ಪರದೆಯ ಹಿಂದೆ ನಿಂತು ನನಗೆ ಮಾತು ಹೇಳಿಕೊಟ್ಟವಳು ಅವಳು. ಸಿಂಹಾಸನದ ಮೇಲೆ ಕೂತು ಗರ್ಜಿಸುತ್ತಿದ್ದ ನಾನು, ಮಾತು ಮರೆತಾಗ ಅವಳತ್ತ ಕಣ್ಣು ಹೊರಳಿಸುತ್ತಿದ್ದೆ. ಈಗ ಅವಳು ತುಟಿ ಅಲ್ಲಾಡಿಸುತ್ತಾ ನನ್ನತ್ತ ನೋಡುತ್ತಾಳೆ. ಯಾವ ಮಾತು ಹೇಳಿಕೊಡಬೇಕೋ ನನಗೆ ತಿಳಿಯದು, ತಾಯೀ.

ಇಂತಿ,
ನಿಮ್ಮ ಮಹಾರಾಣಿಯ ಗಂಡ